ಬ್ರೈಟ್, ಬೀಚ್‌ವರ್ತ್ ಕಡೆ ಹಳೇ ರೈಲು ದಾರಿಯಲ್ಲಿ ಸೈಕಲ್: ಎಲೆ ಬಿಟ್ಟು ಇನ್ನೇನು ನೋಡಬಹುದು?

ಮೆಲ್ಬರ್ನ್_ಹೊಸಬ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೇ ವಾರ, ಇಲ್ಲಿ ಎಲೆ ಉದುರುವ ಕಾಲ, ವಿಕ್ಟೋರಿಯಾದ ಬೆಟ್ಟದ ಕಡೆಯ ಊರು ಬ್ರೈಟ್‌ಗೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ನಾನು, ನನ್ನ ಹೆಂಡತಿ, ಹತ್ತು ವರ್ಷದ ಮಗಳು, ಜೊತೆಗೆ ಮೈಸೂರಿನಿಂದ ಬಂದಿರುವ ನನ್ನ ಮಾವ. ಮಾವ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿದವರು. ಕೆಲಸದಲ್ಲಿದ್ದಷ್ಟು ದಿನವೂ ಸೈಕಲಲ್ಲೇ ಶಾಲೆಗೆ ಹೋದವರು, ಈಗಲೂ ಕಾಲು ಗಟ್ಟಿ ಇದೆ. ಸುಮ್ನೆ ಕಾರಲ್ಲಿ ಕೂರಿಸಿಕೊಂಡು ಹೋಗಿ ಗುಡ್ಡ ತೋರಿಸಿದರೆ ಅವರಿಗೆ ಸಮಾಧಾನ ಆಗುವುದಿಲ್ಲ. "ಈ ಊರು ಇಲ್ಲಿ ಯಾಕೆ ಬಂತು?" ಅಂತ ಕೇಳುತ್ತಾರೆ.

ಯಾರನ್ನು ಕೇಳಿದರೂ "ಬಣ್ಣದ ಎಲೆ ನೋಡಿ, ಫೋಟೋ ತೆಗೆದುಕೊಂಡು ಬನ್ನಿ" ಅನ್ನುತ್ತಾರೆ. ಅಲ್ಲಿ ಹಳೇ ರೈಲು ದಾರಿಯನ್ನು ಸೈಕಲ್ ದಾರಿ ಮಾಡಿದ್ದಾರಂತೆ. ಮಗಳಿಗೆ, ಮಾವನಿಗೆ ಅದು ಆಗುತ್ತದಾ? ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಬೇಕು? ಹೋಗಿ ಬಂದವರು ಸ್ವಲ್ಪ ಬಿಡಿಸಿ ಹೇಳಿ.

ವ್ಯಾಂಗರಟ್ಟವಾಸಿ

ನಮಸ್ಕಾರ ಸರ್. ನಾನು ವ್ಯಾಂಗರಟ್ಟದಲ್ಲೇ ಕೆಲಸ ಮಾಡುವವಳು. ಈ ದಾರಿ ನಮ್ಮ ಊರಿನಿಂದಲೇ ಶುರುವಾಗುತ್ತದೆ. ನಿಮ್ಮ ಮಾವನವರ ಪ್ರಶ್ನೆ ಓದಿ ಖುಷಿಯಾಯಿತು. ಈ ದಾರಿಗೆ ಅದೇ ಸರಿಯಾದ ಪ್ರಶ್ನೆ.

ಮೊದಲು ದಾರಿ ಹೇಗಿದೆ ಹೇಳಿಬಿಡುತ್ತೇನೆ. ಇದರ ಹೆಸರು ಮರ್ರೆ ಟು ಮೌಂಟನ್ಸ್ ರೈಲ್ ಟ್ರೇಲ್. ವ್ಯಾಂಗರಟ್ಟದಿಂದ ಎವರ್ಟನ್, ಅಲ್ಲಿಂದ ಗ್ಯಾಪ್‌ಸ್ಟೆಡ್, ಮರ್ಟಲ್‌ಫರ್ಡ್, ಪೋರ್‌ಪಂಕಾ ದಾಟಿ ಬ್ರೈಟ್‌ವರೆಗೆ ಹೋಗುತ್ತದೆ. ಎವರ್ಟನ್ ಹತ್ತಿರ ಒಂದು ಕವಲು ಒಡೆದು ಬೀಚ್‌ವರ್ತ್‌ಗೆ ಹತ್ತುತ್ತದೆ. ಎಲ್ಲಾ ಸೇರಿದರೆ ನೂರು ಕಿಲೋಮೀಟರಿಗಿಂತ ಜಾಸ್ತಿ. ಡಾಂಬರು ಹಾಕಿದ ದಾರಿ, ಕಾರು ಬರುವುದಿಲ್ಲ. ರಸ್ತೆ ಅಡ್ಡ ಬರುವ ಕಡೆ ಮಾತ್ರ ಇಳಿದು ಎರಡೂ ಕಡೆ ನೋಡಿ ದಾಟಬೇಕು.

ಮಗಳಿಗೆ ಆಗುತ್ತದಾ ಅಂದಿರಿ. ಖಂಡಿತ ಆಗುತ್ತದೆ. ಉಗಿಬಂಡಿ ಕಡಿದಾದ ಏರು ಹತ್ತಲಾರದು. ಅದಕ್ಕೇ ರೈಲಿನವರು ಗುಡ್ಡ ಕಡಿದು, ತಗ್ಗು ತುಂಬಿಸಿ, ಸುತ್ತಿ ಬಳಸಿ ದಾರಿ ಮಾಡಿದ್ದಾರೆ. ಅವರು ಅಂದು ಪಟ್ಟ ಕಷ್ಟದಿಂದ ಇಂದು ಮಕ್ಕಳು, ವಯಸ್ಸಾದವರು ಆರಾಮಾಗಿ ಪೆಡಲ್ ತುಳಿಯುತ್ತಾರೆ. ಬ್ರೈಟ್‌ನಿಂದ ಪೋರ್‌ಪಂಕಾ ಬರೀ ಆರು ಕಿಲೋಮೀಟರ್. ಬ್ರೈಟ್‌ನಿಂದ ಮರ್ಟಲ್‌ಫರ್ಡ್ ಸುಮಾರು 30. ನದಿ ಹರಿಯುವ ದಿಕ್ಕಿಗೇ ಹೋಗುವುದರಿಂದ ನಿಧಾನವಾಗಿ ಇಳಿಯುತ್ತಾ ಹೋಗುತ್ತೀರಿ. ಮೊದಲ ದಿನಕ್ಕೆ ಇದೇ ಸಾಕು.

ಎವರ್ಟನ್‌ನಿಂದ ಬೀಚ್‌ವರ್ತ್ ಬೇರೆ ಮಾತು. ಸುಮಾರು 16 ಕಿಲೋಮೀಟರ್, ಬಿಡುವಿಲ್ಲದ ಏರು, ಒಟ್ಟು 300 ಮೀಟರಷ್ಟು ಮೇಲೆ ಹೋಗುತ್ತೀರಿ. ಕಡಿದಾಗಿಲ್ಲ, ಆದರೆ ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ನಿಮ್ಮ ಮಾವನವರ ಜೊತೆ ಹೋಗುವುದಾದರೆ ಸೈಕಲ್‌ಗಳನ್ನು ಗಾಡಿಯಲ್ಲಿ ಬೀಚ್‌ವರ್ತ್‌ಗೆ ಒಯ್ದು ಅಲ್ಲಿಂದ ಇಳಿಯಿರಿ. ಹಾಗೆ ಬಿಟ್ಟು ಬರುವ ವ್ಯಾನ್‌ಗಳೂ ಸಿಗುತ್ತವೆ.

ಈಗ ಊರು ಯಾಕೆ ಬಂತು ಅನ್ನುವುದಕ್ಕೆ ಬರುತ್ತೇನೆ. ಒಂದೇ ಮಾತಲ್ಲಿ ಹೇಳುವುದಾದರೆ ಚಿನ್ನ. 1852ರಲ್ಲಿ ಬೀಚ್‌ವರ್ತ್ ಹತ್ತಿರ ಚಿನ್ನ ಸಿಕ್ಕಿತು. ಆಮೇಲೆ ಒಂದು ವರ್ಷದೊಳಗೆ ಸಾವಿರಾರು ಜನ ಬಂದು ತೊರೆ, ಕಣಿವೆ ಎಲ್ಲಾ ಅಗೆದರು. ಬ್ರೈಟ್‌ಗೂ ಅದೇ ಕಥೆ. ಮೊದಲು ಅದನ್ನು ಮೋರ್ಸಸ್ ಕ್ರೀಕ್ ಅನ್ನುತ್ತಿದ್ದರು, ಆಮೇಲೆ ಇಂಗ್ಲೆಂಡಿನ ರಾಜಕಾರಣಿ ಜಾನ್ ಬ್ರೈಟ್ ಹೆಸರು ಇಟ್ಟರು. ರೈಲು ಬಂದದ್ದು ತಡವಾಗಿ. ಬೀಚ್‌ವರ್ತ್‌ಗೆ 1876ರಲ್ಲಿ, ಬ್ರೈಟ್‌ಗೆ 1890ರಲ್ಲಿ. ಅಷ್ಟು ಹೊತ್ತಿಗೆ ಸುಲಭದ ಚಿನ್ನ ಮುಗಿದಿತ್ತು. ಹಾಗಾಗಿ ರೈಲು ಸಾಗಿಸಿದ್ದು ಹೆಚ್ಚಾಗಿ ಮರ, ಬೆಳೆ, ದನ, ಜನ. ಬ್ರೈಟ್ ದಾರಿ 1983ರಲ್ಲಿ ಮುಚ್ಚಿತು.

ಬ್ರೈಟ್‌ನಲ್ಲಿ ಇಳಿದ ಕೂಡಲೇ ಓವೆನ್ಸ್ ನದಿಯ ದಂಡೆಯ ಕ್ಯಾನ್ಯನ್ ವಾಕ್ ನೋಡಿ. ಊರ ಮಧ್ಯದಿಂದಲೇ ಹೊರಡುವ ಕಾಲುದಾರಿ ಅದು. ಬಂಡೆಯಲ್ಲಿ ನೇರವಾಗಿ ಕಡಿದ ಕಾಲುವೆಗಳು ಕಾಣುತ್ತವೆ. ಮೊದಲ ಸಲ ನೋಡಿದವರು ನೀರೇ ಕೊರೆದದ್ದು ಅಂದುಕೊಳ್ಳುತ್ತಾರೆ. ಅಲ್ಲ, ಗಣಿಯವರು ಕೈಯಲ್ಲಿ ಕಡಿದದ್ದು. ಚಿನ್ನ ತೊಳೆದ ನೀರು, ಮಣ್ಣು ಹರಿದುಹೋಗಲಿ ಅಂತ ಗಟ್ಟಿ ಕಲ್ಲನ್ನು ಸೀಳಿದ್ದಾರೆ. ಗೋಡೆಯ ಮೇಲೆ ಕೈಯಾಡಿಸಿ ನೋಡಿ, ಆ ಕೆಲಸದ ಭಾರ ಗೊತ್ತಾಗುತ್ತದೆ. ನಿಮ್ಮ ಮಾವನವರು ಅಲ್ಲಿಂದ ಬೇಗ ಹೊರಡಲಾರರು.

ಎಲೆಯ ಬಗ್ಗೆ ಒಂದು ಮಾತು. ಏಪ್ರಿಲ್‌ನಲ್ಲಿ ಕೆಂಪು, ಹಳದಿ ಆಗುವ ಓಕ್, ಎಲ್ಮ್, ಪಾಪ್ಲರ್ ಎಲ್ಲವೂ ಯುರೋಪಿನವರು ನೆಟ್ಟ ಮರಗಳು. ಸುತ್ತಲಿನ ಗುಡ್ಡದ ನೀಲಗಿರಿ ಮರಗಳು ವರ್ಷವಿಡೀ ಹಸಿರು. ಎಲೆಯ ಬಣ್ಣವೂ ವಲಸೆಯ ಇತಿಹಾಸವೇ. ನೋಡಿ, ಚೆಂದವಿದೆ. ಆದರೆ ಅಷ್ಟಕ್ಕೇ ವಾಪಸ್ ಬರಬೇಡಿ ಅನ್ನುವುದು ನನ್ನ ಮಾತು.

ಪಿರಿಯಾಪಟ್ಟಣದವಳು

ಅಕ್ಕ ಎಲ್ಲಾ ಹೇಳಿದ್ದಾರೆ. ನಾನು ಮರ್ಟಲ್‌ಫರ್ಡ್ ಬಗ್ಗೆ ಮಾತ್ರ ಬರೆಯುತ್ತೇನೆ, ಯಾಕೆಂದರೆ ಅದು ನನ್ನ ಮನಸ್ಸಿಗೆ ತುಂಬಾ ಹತ್ತಿರದ ಜಾಗ.

ಬ್ರೈಟ್ ಕಡೆಯಿಂದ ಬರುವಾಗ ದಾರಿಯ ಪಕ್ಕದ ಹೊಲಗಳಲ್ಲಿ ಎತ್ತರದ, ಕಿಟಕಿ ಇಲ್ಲದ, ತಗಡಿನ ಸೂರಿನ ಕಟ್ಟಡಗಳು ಕಾಣುತ್ತವೆ. ಸೂರಿನ ನೆತ್ತಿಯಲ್ಲಿ ಗಾಳಿ ಹೋಗಲು ಉದ್ದಕ್ಕೆ ಬಾಯಿ ಬಿಟ್ಟಿರುತ್ತಾರೆ. ನೋಡಿದ ಕೂಡಲೇ ನಾನು ಸೈಕಲ್ ನಿಲ್ಲಿಸಿದೆ. ಪಿರಿಯಾಪಟ್ಟಣ, ಹುಣಸೂರು ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವು ಹೊಗೆಸೊಪ್ಪಿನ ಬ್ಯಾರನ್‌ಗಳು!

ನಮ್ಮ ಮನೆಯಲ್ಲಿ ಎರಡು ಬ್ಯಾರನ್ ಇದ್ದವು. ಬೆಳಿಗ್ಗೆ ಸೊಪ್ಪು ಮುರಿದು ತರುವುದು, ಮಧ್ಯಾಹ್ನ ಹೆಂಗಸರೆಲ್ಲಾ ಕೂತು ಕಡ್ಡಿಗೆ ಕಟ್ಟುವುದು, ಸಂಜೆ ಗಂಡಸರು ಒಳಗೆ ಹತ್ತಿ ಸಾಲುಸಾಲಾಗಿ ಏರಿಸುವುದು. ಆಮೇಲೆ ಹೊರಗಿನಿಂದ ಒಲೆಗೆ ಬೆಂಕಿ. ಬಿಸಿ ಗಾಳಿ ಒಳಗಿನ ಕೊಳವೆಯಲ್ಲಿ ಸುತ್ತುತ್ತದೆ, ಹೊಗೆ ಎಲೆಗೆ ತಾಗುವುದಿಲ್ಲ. ಮೊದಲು ಸಣ್ಣ ಶಾಖದಲ್ಲಿ ಎಲೆ ಹಳದಿ ಆಗಬೇಕು, ಆಮೇಲೆ ಶಾಖ ಏರಿಸಿ ದಂಟಿನ ಸಮೇತ ಒಣಗಿಸಬೇಕು. ಶಾಖ ಹೆಚ್ಚು ಕಡಿಮೆ ಆದರೆ ಇಡೀ ಬ್ಯಾರನ್ ಸೊಪ್ಪು ಹಾಳು. ಅಪ್ಪ ರಾತ್ರಿ ಎದ್ದೆದ್ದು ಹೋಗಿ ಕಿಂಡಿಯಲ್ಲಿ ಥರ್ಮಾಮೀಟರ್ ನೋಡುತ್ತಿದ್ದರು.

ಮರ್ಟಲ್‌ಫರ್ಡ್‌ನಲ್ಲಿ ಬೆಳೆಯುತ್ತಿದ್ದದ್ದೂ ಇದೇ ವರ್ಜೀನಿಯಾ ತಂಬಾಕು, ಹದ ಮಾಡುವ ಕ್ರಮವೂ ಇದೇ. ಇಲ್ಲಿ ಅದಕ್ಕೆ ಕಿಲ್ನ್ ಅನ್ನುತ್ತಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟಲಿಯಿಂದ ಬಂದ ಎಷ್ಟೋ ಕುಟುಂಬಗಳು ಈ ಬೆಳೆಯಿಂದಲೇ ನೆಲೆ ಕಂಡುಕೊಂಡವು. ಮೊದಲು ಬೇರೆಯವರ ಹೊಲದಲ್ಲಿ ಪಾಲಿಗೆ ಬೆಳೆದು, ಆಮೇಲೆ ಸ್ವಂತ ಜಮೀನು ಮಾಡಿಕೊಂಡವರು ಬಹಳ. 2006ರಲ್ಲಿ ಖರೀದಿ ನಿಂತುಹೋಯಿತು. ಅಲ್ಲಿಗೆ ಬೆಳೆ ಮುಗಿಯಿತು. ಈಗ ಆ ಹೊಲಗಳಲ್ಲಿ ದ್ರಾಕ್ಷಿ, ಹಾಪ್ಸ್, ದನ. ಬ್ಯಾರನ್‌ಗಳು ಹುಲ್ಲು, ಟ್ರ್ಯಾಕ್ಟರ್ ಇಡುವ ಜಾಗ ಆಗಿವೆ, ಕೆಲವು ಸುಮ್ನೆ ನಿಂತಿವೆ.

ನಮ್ಮೂರಲ್ಲೂ ತಂಬಾಕು ಬಿಡಿ ಅಂತ ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಆರೋಗ್ಯದ ದೃಷ್ಟಿಯಿಂದ ಸರಿಯಾದ ಮಾತೇ. ಆದರೆ ಬದಲಿಗೆ ಏನು ಬೆಳೆಯಬೇಕು, ಆ ದರ ಯಾರು ಕೊಡುತ್ತಾರೆ ಅನ್ನುವುದಕ್ಕೆ ರೈತನಿಗೆ ಉತ್ತರ ಬೇಕಲ್ವಾ? ಮರ್ಟಲ್‌ಫರ್ಡ್ ಆ ದಾರಿಯನ್ನು ಒಂದು ಸಲ ನಡೆದು ಮುಗಿಸಿದ ಊರು. ಅದಕ್ಕೇ ಅಲ್ಲಿಗೆ ಹೋದಾಗ ನಾನು ಕಾಫಿ ಅಂಗಡಿಯಲ್ಲಿ ವಯಸ್ಸಾದವರನ್ನು ಮಾತಾಡಿಸುತ್ತೇನೆ. ತಂಬಾಕಿನ ಮಾತು ತೆಗೆದರೆ ಅವರ ಮುಖ ಅರಳುತ್ತದೆ. ನನ್ನ ಬೆರಳಿಗೆ ಅಂಟುತ್ತಿದ್ದ ಆ ಕಪ್ಪು ಜಿಡ್ಡು ಅವರ ಬೆರಳಿಗೂ ಅಂಟಿತ್ತು.

ಸರ್, ನಿಮ್ಮ ಮಾವ ಮೈಸೂರಿನವರು ಅಂದಿರಿ. ದಯವಿಟ್ಟು ಅವರಿಗೆ ಆ ಕಿಲ್ನ್‌ಗಳನ್ನು ತೋರಿಸಿ. ಖಾಸಗಿ ಹೊಲಗಳು, ಒಳಗೆ ಹೋಗಬೇಡಿ. ದಾರಿಯಿಂದಲೇ ಚೆನ್ನಾಗಿ ಕಾಣುತ್ತವೆ.

ಹಕ್ಕಿನೋಟ

ಹಾಪ್ಸ್ ತೋಟಗಳನ್ನೂ ನೋಡಿ, ಮರ್ಟಲ್‌ಫರ್ಡ್ ಮತ್ತು ಪೋರ್‌ಪಂಕಾ ನಡುವೆ ಸಿಗುತ್ತವೆ. ಬಿಯರ್‌ಗೆ ಕಹಿ ಕೊಡುವ ಬಳ್ಳಿ. ಆಳೆತ್ತರಕ್ಕಿಂತ ಎಷ್ಟೋ ಮೇಲೆ ತಂತಿ ಕಟ್ಟಿ ಹಬ್ಬಿಸುತ್ತಾರೆ. ಏಪ್ರಿಲ್‌ಗೆ ಕೊಯ್ಲು ಮುಗಿದು ಕಂಬ, ತಂತಿ ಮಾತ್ರ ಇರುತ್ತದೆ.

ನಾನು ಹೇಳಬೇಕಾದ್ದು ಹಕ್ಕಿ, ಪ್ರಾಣಿಗಳ ಬಗ್ಗೆ. ಬೀಚ್‌ವರ್ತ್ ಇಳಿಯುವಾಗ ಮರಗಳ ಮೇಲೆ ಹಳೇ ಬಾಗಿಲು ಕಿರ್ ಅಂದ ಹಾಗೆ ಸದ್ದು ಕೇಳಿದರೆ ನಿಲ್ಲಿ. ಅದು ಗ್ಯಾಂಗ್‌ಗ್ಯಾಂಗ್ ಕಾಕಟೂ. ಬೂದು ಮೈ, ಗಂಡಿಗೆ ಕೆಂಪು ತಲೆ, ನೆತ್ತಿಯಲ್ಲಿ ಕೆದರಿದ ಕೆಂಪು ಪುಕ್ಕ. ಗದ್ದಲ ಮಾಡದೆ ಕೊಂಬೆಯಲ್ಲಿ ಕೂತು ಬೀಜ ಒಡೆಯುತ್ತಿರುತ್ತದೆ. ಕಾಡ್ಗಿಚ್ಚಿನಿಂದ ಇವುಗಳ ಸಂಖ್ಯೆ ಬಹಳ ಕಡಿಮೆಯಾಗಿದೆ, ಈಗ ಅಳಿವಿನ ಅಂಚಿನ ಪಟ್ಟಿಯಲ್ಲಿವೆ. ಕಂಡರೆ ನಿಮ್ಮ ಪುಣ್ಯ.

ಬೆಳಗಿನ ಜಾವ ಅಥವಾ ಸಂಜೆ ಬ್ರೈಟ್‌ನಲ್ಲಿ ನದಿ ದಂಡೆಯಲ್ಲಿ ಸದ್ದಿಲ್ಲದೆ ಕೂತರೆ ಬಾತಿನಂಥ ಕೊಕ್ಕಿನ ಪ್ರಾಣಿ ಪ್ಲಾಟಿಪಸ್ ಕಾಣುವ ಸಾಧ್ಯತೆ ಇದೆ. ನೀರಿನ ಮೇಲೆ ಗುಳ್ಳೆಗಳ ಸಾಲು, ಆಮೇಲೆ ಕಂದು ಬೆನ್ನು, ಒಂದು ಕ್ಷಣ. ಮಕ್ಕಳಿಗೆ ಮೊದಲೇ ಹೇಳಿ, ಕಾಯುವುದು ಅಭ್ಯಾಸವಾಗಬೇಕು.

ಇನ್ನು ಈ ನಾಡಿನ ಹಳೇ ಕಥೆ ಚಿನ್ನದಿಂದ ಶುರುವಾಗುವುದಿಲ್ಲ. ಅದಕ್ಕೂ ಎಷ್ಟೋ ಸಾವಿರ ವರ್ಷ ಮೊದಲಿನಿಂದ ಇಲ್ಲಿ ಮೂಲನಿವಾಸಿಗಳು ಬದುಕುತ್ತಿದ್ದಾರೆ. ಬೇಸಿಗೆಯಲ್ಲಿ ಬೇರೆ ಬೇರೆ ಕುಲದವರು ಇಲ್ಲಿನ ಆಸ್ಟ್ರೇಲಿಯನ್ ಆಲ್ಪ್ಸ್ ಬೆಟ್ಟಗಳ ಮೇಲೆ ಸೇರುತ್ತಿದ್ದರು, ಬೊಗಾಂಗ್ ಪತಂಗ ತಿನ್ನಲು. ಈ ಪತಂಗ ನೋಡಲು ಏನೂ ಅಲ್ಲ, ಕಂದು ಬಣ್ಣ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಆದರೆ ದಕ್ಷಿಣ ಕ್ವೀನ್ಸ್‌ಲ್ಯಾಂಡ್‌ನಂಥ ದೂರದ ಬಯಲಿನಿಂದ ಸಾವಿರ ಕಿಲೋಮೀಟರ್‌ವರೆಗೂ ರಾತ್ರಿ ಹಾರಿ ಈ ಬೆಟ್ಟಗಳಿಗೆ ಬರುತ್ತದೆ. ಬಂಡೆಯ ಸಂದಿಯಲ್ಲಿ ಒಂದರ ಪಕ್ಕ ಒಂದು ಒತ್ತಿಕೊಂಡು ಬೇಸಿಗೆ ಪೂರ್ತಿ ಮಲಗುತ್ತದೆ, ಒಂದು ಚದರ ಮೀಟರಿನಲ್ಲಿ 17,000ದಷ್ಟು. ಮೈಯೆಲ್ಲಾ ಕೊಬ್ಬು. ಹುರಿದು ತಿಂದರೆ ಒಳ್ಳೇ ಪುಷ್ಟಿ. ಪೂರ್ವ ವಿಕ್ಟೋರಿಯಾದ ಒಂದು ಗುಹೆಯಲ್ಲಿ ಸಿಕ್ಕ ಅರೆಯುವ ಕಲ್ಲಿನ ಮೇಲೆ ಸುಮಾರು 2000 ವರ್ಷ ಹಳೆಯ ಪತಂಗದ ಕುರುಹು ಸಿಕ್ಕಿದೆ.

ಇದೇ ಪತಂಗವನ್ನು ನಂಬಿಕೊಂಡು ಬದುಕುವ ಒಂದು ಪುಟ್ಟ ಪ್ರಾಣಿ ಇದೆ, ಮೌಂಟನ್ ಪಿಗ್ಮಿ ಪಾಸಮ್. ಅಂಗೈಯಲ್ಲಿ ಹಿಡಿಸುವಷ್ಟು. ಮೂಳೆಯ ಪಳೆಯುಳಿಕೆ ಮಾತ್ರ ಸಿಕ್ಕಿದ್ದರಿಂದ ಎಂದೋ ಅಳಿದುಹೋಗಿದೆ ಅಂತಲೇ ತಿಳಿದಿದ್ದರು. 1966ರಲ್ಲಿ ಮೌಂಟ್ ಹೋಥಮ್‌ನ ಒಂದು ಸ್ಕೀ ಗುಡಿಸಲಲ್ಲಿ ಜೀವಂತ ಸಿಕ್ಕಿತು! ಈಗ ಪತಂಗವೇ ಕಡಿಮೆಯಾಗುತ್ತಿದೆ, 2021ರಲ್ಲಿ ಅದೂ ಅಳಿವಿನಂಚಿನ ಪಟ್ಟಿಗೆ ಸೇರಿತು. ಬರ, ಕೀಟನಾಶಕ, ದೀಪದ ಬೆಳಕು ಎಲ್ಲವೂ ಕಾರಣ ಅನ್ನುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ರಾತ್ರಿ ಮನೆಯ ಹೊರಗಿನ ದೀಪ ಆರಿಸಿ ಅಂತ ಎಲ್ಲರಿಗೂ ಕೇಳಿಕೊಳ್ಳುತ್ತೇನೆ. ನಮ್ಮಿಂದ ಆಗುವ ಸಣ್ಣ ಕೆಲಸ ಅದು.

ಮೆಲ್ಬರ್ನ್_ಹೊಸಬ

ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಬ್ಯಾರನ್ ವಿಷಯ ಮಾವನಿಗೆ ಓದಿ ಹೇಳಿದೆ. ಅವರು ಕೆಲವು ವರ್ಷ ಹುಣಸೂರಲ್ಲಿ ಕೆಲಸ ಮಾಡಿದ್ದವರು. "ಮೊದಲು ಅಲ್ಲಿಗೇ ಹೋಗೋಣ" ಅನ್ನುತ್ತಿದ್ದಾರೆ.

ಹಾವು, ಮ್ಯಾಗ್‌ಪೈ ಬಗ್ಗೆ ಹೆಂಡತಿಗೆ ಹೆದರಿಕೆ. ಯಾರಾದರೂ ಹೇಳಿ. ಮತ್ತೆ ಹಳೇ ಕಾಲದ ಹೆಸರಾಂತ ದರೋಡೆಕೋರ ನೆಡ್ ಕೆಲ್ಲಿಯ ಜಾಗ ಅದೇ ಅಲ್ವಾ? ಮಗಳು ಶಾಲೆಯಲ್ಲಿ ಓದಿದ್ದಾಳೆ.

ಹಕ್ಕಿನೋಟ

ಮ್ಯಾಗ್‌ಪೈ ಹಕ್ಕಿ ಜನರ ಮೇಲೆ ಎರಗುವುದು ಗೂಡು ಕಾಯುವ ಕಾಲದಲ್ಲಿ ಮಾತ್ರ. ಆಗಸ್ಟ್‌ನಿಂದ ಅಕ್ಟೋಬರ್ ಜಾಸ್ತಿ. ಅದೂ ಎಲ್ಲಾ ಹಕ್ಕಿಗಳಲ್ಲ, ಕೆಲವು ಗಂಡು ಹಕ್ಕಿಗಳು ಮಾತ್ರ. ಏಪ್ರಿಲ್‌ನಲ್ಲಿ ಹೆದರಬೇಡಿ.

ಹಾವು ಬಿಸಿಲಿಗೆ ಡಾಂಬರಿನ ಮೇಲೆ ಬಂದು ಮಲಗುವುದುಂಟು. ಬ್ರೌನ್ ಸ್ನೇಕ್, ಕೆಂಪು ಹೊಟ್ಟೆಯ ಕರಿ ಹಾವು ಎರಡೂ ಇವೆ. ಕಂಡರೆ ದೂರದಲ್ಲೇ ನಿಲ್ಲಿ, ಅದು ತಾನಾಗಿ ಹೋಗುತ್ತದೆ. ಕೋಲು ಹಾಕುವುದು, ಕಲ್ಲು ಎಸೆಯುವುದು ಬೇಡವೇ ಬೇಡ. ಬ್ಯಾಗಿನಲ್ಲಿ ಅಗಲವಾದ ಎಲಾಸ್ಟಿಕ್ ಬ್ಯಾಂಡೇಜ್ ಇರಲಿ. ಕಚ್ಚಿದರೆ ಗಾಯ ತೊಳೆಯಬೇಡಿ, ರಕ್ತ ನಿಲ್ಲುವಂತೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ. ಇಡೀ ಕೈ ಅಥವಾ ಕಾಲಿಗೆ ಬ್ಯಾಂಡೇಜ್ ಸುತ್ತಿ, ಅಲ್ಲಾಡದಂತೆ ಮಲಗಿಸಿ, 000ಗೆ ಕರೆ ಮಾಡಿ.

ಹಳೇಕಡತ

ಕೆಲ್ಲಿ ನಾಡು ಅದೇ ಸರ್. ವ್ಯಾಂಗರಟ್ಟದ ಪಕ್ಕದ ಗ್ಲೆನ್‌ರೋವನ್‌ನಲ್ಲಿ 1880ರ ಜೂನ್‌ನಲ್ಲಿ ಪೊಲೀಸರ ಜೊತೆ ಅವನ ಕೊನೇ ಕಾಳಗ ನಡೆಯಿತು. ನೇಗಿಲಿನ ಗುಳದ ಕಬ್ಬಿಣ ಬಡಿದು ಮಾಡಿದ ಕವಚ ತೊಟ್ಟು ನಿಂತಿದ್ದ. ಅದರ ತೂಕ ಸುಮಾರು 44 ಕಿಲೋ. ಕಾಲಿಗೆ ಕವಚ ಇರಲಿಲ್ಲ, ಪೊಲೀಸರು ಕಾಲಿಗೇ ಗುಂಡು ಹೊಡೆದರು. ಆಗಸ್ಟ್‌ನಲ್ಲಿ ಬೀಚ್‌ವರ್ತ್ ಕೋರ್ಟಿನಲ್ಲಿ ಮೊದಲ ವಿಚಾರಣೆ, 11 ನವೆಂಬರ್ 1880ರಂದು ಮೆಲ್ಬರ್ನ್ ಜೈಲಿನಲ್ಲಿ ಗಲ್ಲು. ಬೀಚ್‌ವರ್ತ್‌ನ ಆ ಕೋರ್ಟು ಈಗಲೂ ಇದೆ, ಒಳಗೆ ಹೋಗಿ ನೋಡಬಹುದು. ಅವನ ತಾಯಿ ಎಲೆನ್ ಕೆಲ್ಲಿಗೆ 1878ರಲ್ಲಿ ಮೂರು ವರ್ಷ ಶಿಕ್ಷೆ ಆದದ್ದೂ ಅಲ್ಲೇ.

ಆದರೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಎಲ್ಲೆಲ್ಲೂ ಅವನ ಶಿರಸ್ತ್ರಾಣದ ಚಿತ್ರ ಹಾಕಿ ವೀರನನ್ನಾಗಿ ಮಾಡಿಬಿಟ್ಟಿದ್ದಾರೆ. ಸ್ಟ್ರಿಂಗಿಬಾರ್ಕ್ ಕ್ರೀಕ್‌ನಲ್ಲಿ ಕೆಲ್ಲಿ ತಂಡದ ಗುಂಡಿಗೆ ಸತ್ತ ಮೂವರು ಪೊಲೀಸರಿಗೂ ಮನೆಯವರು ಇದ್ದರು. ಅವರ ಹೆಸರು ಯಾರಿಗೂ ನೆನಪಿಲ್ಲ. ಕೆನಡಿ, ಸ್ಕ್ಯಾನ್ಲನ್, ಲೋನಿಗನ್. ಮಗಳಿಗೆ ಆ ಹೆಸರುಗಳನ್ನೂ ಹೇಳಿ.

ವ್ಯಾಂಗರಟ್ಟವಾಸಿ

ಹಳೇಕಡತ ಅವರೇ, ನಿಮ್ಮ ಮಾತು ಒಪ್ಪುತ್ತೇನೆ. ಜೊತೆಗೆ ಇನ್ನೊಂದು ಮಗ್ಗುಲೂ ಇದೆ. ದೊಡ್ಡ ಜಮೀನ್ದಾರರ ಕೈಯಲ್ಲಿ ಒಳ್ಳೇ ನೆಲ, ನೀರು. ಬಡ ಐರಿಷ್ ರೈತರಿಗೆ ಸಣ್ಣ ತುಂಡು. ಪೊಲೀಸರು ಯಾರ ಕಡೆ ಅನ್ನುವುದು ಆ ರೈತರಿಗೆ ಗೊತ್ತಿತ್ತು. ಅದು ಅರ್ಥವಾಗದೆ ಜನ ಅವನನ್ನು ಯಾಕೆ ಅಡಗಿಸಿಟ್ಟರು ಅನ್ನುವುದು ತಿಳಿಯುವುದಿಲ್ಲ. ಕೊಲೆ ಕೊಲೆಯೇ. ಅನ್ಯಾಯವೂ ಅನ್ಯಾಯವೇ. ಎರಡನ್ನೂ ಮಕ್ಕಳಿಗೆ ಹೇಳಬಹುದು.

ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ಕೆಲ್ಲಿಯ ಹೆಸರಲ್ಲಿ ಇಷ್ಟೆಲ್ಲಾ ಫಲಕ ಇವೆ. ಅದೇ ದಾರಿಯಲ್ಲಿ, ಪೋರ್‌ಪಂಕಾದಿಂದ ಪಕ್ಕಕ್ಕೆ ಹೊರಳಿದರೆ ಬಕ್‌ಲ್ಯಾಂಡ್ ಕಣಿವೆ. ಅಲ್ಲಿ 4 ಜುಲೈ 1857ರಂದು ಏನಾಯಿತು ಅಂತ ಸೈಕಲ್‌ನಲ್ಲಿ ಬರುವ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಬಕ್‌ಲ್ಯಾಂಡ್‌ನಲ್ಲಿ ಆಗ ಸುಮಾರು ಎರಡು ಸಾವಿರ ಚೀನೀಯರು ಚಿನ್ನ ತೊಳೆಯುತ್ತಿದ್ದರು. ಬಿಳಿಯರು ಬಿಟ್ಟುಹೋದ ಮಣ್ಣನ್ನೇ ಮತ್ತೆ ತೊಳೆದು, ತಾಳ್ಮೆಯಿಂದ ಚಿನ್ನ ತೆಗೆಯುತ್ತಿದ್ದವರು. ಬಿಳಿ ಗಣಿಯವರ ಒಂದು ಗುಂಪು ಸಭೆ ಸೇರಿ ಚೀನೀಯರನ್ನು ಓಡಿಸಬೇಕು ಅಂತ ತೀರ್ಮಾನಿಸಿತು. ಡೇರೆ, ಅಂಗಡಿ, ಹೊಸದಾಗಿ ಕಟ್ಟಿದ ದೇವಸ್ಥಾನ ಎಲ್ಲಕ್ಕೂ ಬೆಂಕಿ ಇಟ್ಟರು. ಹೊಡೆದು, ದೋಚಿ, ಕಣಿವೆಯಿಂದ ಹೊರಗಟ್ಟಿದರು. ಜುಲೈ ಇಲ್ಲಿ ನಡು ಚಳಿಗಾಲ. ಬಕ್‌ಲ್ಯಾಂಡ್ ನದಿ ಬೆಟ್ಟದಿಂದ ಇಳಿದು ಬರುವ ನೀರು, ಕೈ ಅದ್ದಿದರೆ ಬೆರಳು ಮರಗಟ್ಟುತ್ತದೆ. ಚೀನೀಯರು ಅದನ್ನು ದಾಟಿ ಓಡಿದರು. ಸರ್ಕಾರಿ ಲೆಕ್ಕದಲ್ಲಿ ಸತ್ತವರು ಮೂವರು. ನಿಜವಾದ ಸಂಖ್ಯೆ ಜಾಸ್ತಿ ಅನ್ನುವವರಿದ್ದಾರೆ.

ಬೀಚ್‌ವರ್ತ್‌ನಿಂದ ಪೊಲೀಸರನ್ನು ಕರೆದುಕೊಂಡು ಹೋದ ಅಧಿಕಾರಿ ರಾಬರ್ಟ್ ಓ'ಹಾರಾ ಬರ್ಕ್. ಮುಂದೆ 1860ರಲ್ಲಿ ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲು ಹೊರಟು, ಮರುವರ್ಷ ಕೂಪರ್ಸ್ ಕ್ರೀಕ್ ಹತ್ತಿರ ತೀರಿಕೊಂಡ ಅದೇ ಬರ್ಕ್. ಕೆಲವರನ್ನು ಹಿಡಿದರು. ಬೀಚ್‌ವರ್ತ್‌ನ ಜ್ಯೂರಿ ದೊಡ್ಡ ಆರೋಪಗಳಿಂದ ಅವರನ್ನು ಬಿಟ್ಟುಬಿಟ್ಟಿತು. ತೀರ್ಪು ಕೇಳಿ ಕೋರ್ಟಿನಲ್ಲಿದ್ದ ಜನ ಸಂಭ್ರಮಪಟ್ಟರು.

ಇದಕ್ಕೂ ಎರಡು ವರ್ಷ ಮೊದಲು, 1855ರಲ್ಲೇ, ವಿಕ್ಟೋರಿಯಾ ಸರ್ಕಾರ ಹಡಗಿನಲ್ಲಿ ಬರುವ ಪ್ರತಿಯೊಬ್ಬ ಚೀನೀಯನ ಮೇಲೆ 10 ಪೌಂಡ್ ತೆರಿಗೆ ಹಾಕಿತ್ತು. ಅದನ್ನು ತಪ್ಪಿಸಲು ಹಡಗುಗಳು ಪಕ್ಕದ ದಕ್ಷಿಣ ಆಸ್ಟ್ರೇಲಿಯಾದ ರೋಬ್ ಬಂದರಿನಲ್ಲಿ ಇಳಿಸುತ್ತಿದ್ದವು. ಅಲ್ಲಿಂದ ನೂರಾರು ಕಿಲೋಮೀಟರ್ ನಡೆದು ಗಣಿಗೆ ಬಂದರು. ಅಷ್ಟು ನಡೆದು ಬಂದವರನ್ನು ಹೀಗೆ ಅಟ್ಟಿದರು.

ನಾವೂ ದೂರದಿಂದ ಬಂದವರೇ ಅಲ್ವಾ? ಇದು ಓದಿದ ಮೇಲೆ ಆ ಕಣಿವೆಯನ್ನು ಬರೀ ಚೆಂದದ ಜಾಗ ಅಂತ ನೋಡಲು ನನ್ನಿಂದ ಆಗಿಲ್ಲ.

ಸರ್, ಬೀಚ್‌ವರ್ತ್‌ನಲ್ಲಿ ಬಿಸ್ಕತ್ತು ಬಣ್ಣದ ಗ್ರಾನೈಟ್ ಕಟ್ಟಡಗಳ ಸಾಲು ನೋಡಿ ಮುಗಿದ ಮೇಲೆ ಸ್ಮಶಾನಕ್ಕೆ ಹೋಗಿ. ಅಲ್ಲಿ ಚೀನೀಯರ ಭಾಗ ಬೇರೆ ಇದೆ. ಎರಡು ಗೋಪುರಗಳು ಜೋಡಿಯಾಗಿ ನಿಂತಿವೆ, 1857ರಲ್ಲಿ ಕಟ್ಟಿದ್ದು, ಗಲಭೆ ಆದ ಅದೇ ವರ್ಷ. ತೀರಿಕೊಂಡವರಿಗಾಗಿ ಪ್ರಾರ್ಥನೆಯ ಕಾಗದ ಸುಡಲು ಮಾಡಿದ ಗೋಪುರಗಳು. ಮುಂದೆ ನೈವೇದ್ಯ ಇಡುವ ಕಟ್ಟೆ. ಸುತ್ತ ಚೀನೀ ಅಕ್ಷರ ಕೆತ್ತಿದ ಚಿಕ್ಕ ಚಿಕ್ಕ ಕಲ್ಲುಗಳು. ಸುಮಾರು ಎರಡು ಸಾವಿರ ಜನರನ್ನು ಅಲ್ಲಿ ಮಣ್ಣು ಮಾಡಿದ್ದಾರೆ ಅನ್ನುತ್ತಾರೆ, ಆದರೆ ಕಲ್ಲು ಇರುವುದು ಕೆಲವರಿಗೆ ಮಾತ್ರ. ಊರಲ್ಲಿ ಬರ್ಕ್ ಹೆಸರಿನ ಮ್ಯೂಸಿಯಂ ಇದೆ, ಅದನ್ನೂ ನೋಡಿ.

ಪಿರಿಯಾಪಟ್ಟಣದವಳು

ಅಕ್ಕ, ನಾನು ಅಷ್ಟು ಸಲ ಪೋರ್‌ಪಂಕಾ ದಾಟಿದ್ದೇನೆ, ಇದು ಗೊತ್ತಿರಲಿಲ್ಲ. ಮುಂದಿನ ಸಲ ಬಕ್‌ಲ್ಯಾಂಡ್ ಕಡೆ ಹೋಗಿಯೇ ಬರುತ್ತೇನೆ.

ಜೆ.ಸಿ.ನಗರದವ

ಮಗಳಿಗೆ ಕುದುರೆ ಸವಾರಿಯೂ ಮಾಡಿಸಿ ಸರ್. ಬ್ರೈಟ್ ಸುತ್ತಮುತ್ತ, ಮ್ಯಾನ್ಸ್‌ಫೀಲ್ಡ್ ಕಡೆ ಹೊಸಬರನ್ನೂ ಕರೆದುಕೊಂಡು ಹೋಗುವವರಿದ್ದಾರೆ. ಸಣ್ಣ ಮಕ್ಕಳಿಗೆ ಶಾಂತ ಕುದುರೆ ಕೊಡುತ್ತಾರೆ.

ಕುದುರೆ ಅಂದ ಮೇಲೆ ಒಂದು ವಿಷಯ ಹೇಳದೆ ಇರಲಾರೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಗೆ ಆಸ್ಟ್ರೇಲಿಯಾದಿಂದ ಸಾವಿರಾರು ಕುದುರೆಗಳು ಹಡಗಿನಲ್ಲಿ ಮದ್ರಾಸ್, ಕಲ್ಕತ್ತಕ್ಕೆ ಹೋಗುತ್ತಿದ್ದವು. ವೇಲರ್ ಅಂತ ಕರೆಯುತ್ತಿದ್ದರು. ಕಡಿಮೆ ನೀರು, ಕಡಿಮೆ ಮೇವಿನಲ್ಲಿ ದಿನವಿಡೀ ನಡೆಯುವ ಜಾತಿ. ಮೊದಲ ಮಹಾಯುದ್ಧದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಮತ್ತು ಆಸ್ಟ್ರೇಲಿಯಾದ ಲೈಟ್ ಹಾರ್ಸ್ ಪಡೆ ಪ್ಯಾಲೆಸ್ಟೈನ್‌ನಲ್ಲಿ ಒಂದೇ ದಳದ ಕೆಳಗೆ ಇದ್ದವು. ಅದರ ಮುಖ್ಯಸ್ಥ ಹ್ಯಾರಿ ಶೊವೆಲ್, ಆಸ್ಟ್ರೇಲಿಯಾದವರು. 23 ಸೆಪ್ಟೆಂಬರ್ 1918ರಂದು ಹೈಫಾ ಊರನ್ನು ಹಿಡಿದದ್ದು ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್. ಬೆಂಗಳೂರಿನ ಜೆ.ಸಿ.ನಗರದಲ್ಲಿ ಸ್ಮಾರಕ ಇದೆ, ನಾನು ಅದರ ಮುಂದೆಯೇ ಶಾಲೆಗೆ ಹೋಗುತ್ತಿದ್ದೆ.

ನೀವು ಹೋಗುವುದು ಏಪ್ರಿಲ್ ಕೊನೆಗೆ ಅಂದರೆ 25ಕ್ಕೆ ಆನ್ಜಾಕ್ ದಿನ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ. ಬೆಳಗಿನ ಜಾವ ಪ್ರತಿ ಸಣ್ಣ ಊರಿನ ಯುದ್ಧ ಸ್ಮಾರಕದ ಮುಂದೆ ಜನ ಸೇರುತ್ತಾರೆ. ಮಾವನವರನ್ನು ಕರೆದುಕೊಂಡು ಹೋಗಿ, ಯಾರು ಬೇಕಾದರೂ ನಿಲ್ಲಬಹುದು. ಕಲ್ಲಿನ ಮೇಲಿನ ಹೆಸರುಗಳನ್ನು ಓದಿ. ಒಂದೇ ಮನೆತನದ ಹೆಸರು ಎರಡು, ಮೂರು ಸಲ ಬರುತ್ತದೆ.

ಹಳೇಕಡತ

ಸಮಯ ಉಳಿದರೆ ಎಲ್ಡೊರಾಡೊಗೂ ಹೋಗಿ, ಬೀಚ್‌ವರ್ತ್‌ನಿಂದ ದೂರವಿಲ್ಲ. ಒಂದು ಕೊಳದ ಮಧ್ಯೆ ದೈತ್ಯ ಡ್ರೆಜ್ ನಿಂತಿದೆ. 1936ರಿಂದ 1954ರವರೆಗೆ ತನ್ನ ಮುಂದಿನ ನೆಲ ಅಗೆದು, ಚಿನ್ನ, ತವರ ತೆಗೆದು, ಹಿಂದೆ ಕಲ್ಲು ಉಗುಳುತ್ತಾ ತೇಲಿಕೊಂಡೇ ಮುಂದೆ ಹೋದ ಯಂತ್ರ. ಒಳಗೆ ಹತ್ತಿ ಬಕೆಟ್‌ಗಳ ಸರಪಳಿ ನೋಡಬಹುದು. ಕೈಯಲ್ಲಿ ಕಡಿದ ಕಾಲುವೆ ನೋಡಿ ಆಮೇಲೆ ಇದನ್ನು ನೋಡಿದರೆ ಚಿನ್ನದ ಕಥೆಯ ಎರಡೂ ತುದಿ ಸಿಗುತ್ತದೆ. ನೆಲಕ್ಕೆ ಆದ ಗಾಯವೂ ಅಲ್ಲೇ ಕಾಣುತ್ತದೆ.

ಮೌಂಟ್ ಬಫಲೊ ಬಿಡಬೇಡಿ. 1898ರಿಂದ ರಾಷ್ಟ್ರೀಯ ಉದ್ಯಾನ. ಸೈಕಲ್ ಬೇಡ, ಕಾರಲ್ಲೇ ಹತ್ತಿ. ತುದಿಯ ಹಾರ್ನ್ ಬಂಡೆ 1723 ಮೀಟರ್. ಮೇಲೆ ಗಾಳಿ ಚುಚ್ಚುತ್ತದೆ, ಮಾವನವರಿಗೆ ಸ್ವೆಟರ್, ಮಫ್ಲರ್ ಇರಲಿ.

ಮೆಲ್ಬರ್ನ್_ಹೊಸಬ

ಹೀಗೆ ಯೋಚನೆ ಮಾಡಿದ್ದೇವೆ. ಮೊದಲ ದಿನ ಕ್ಯಾನ್ಯನ್ ವಾಕ್, ಸಂಜೆ ನದಿ ದಂಡೆ. ಎರಡನೇ ದಿನ ಬ್ರೈಟ್‌ನಿಂದ ಮರ್ಟಲ್‌ಫರ್ಡ್, ಕಿಲ್ನ್‌ಗಳು. ಮೂರನೇ ದಿನ ಬೀಚ್‌ವರ್ತ್, ಕೋರ್ಟು, ಸ್ಮಶಾನ, ಆಮೇಲೆ ಎವರ್ಟನ್‌ಗೆ ಇಳಿಯುವುದು. ಬಕ್‌ಲ್ಯಾಂಡ್‌ಗೆ ಕಾರಲ್ಲಿ ಹೋಗುತ್ತೇವೆ. ಮಾವನಿಗೆ ಬ್ಯಾಟರಿ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಲಾ? ಅವರು ಹೆಲ್ಮೆಟ್ ಬೇಡ ಅನ್ನುತ್ತಿದ್ದಾರೆ. ಊಟಕ್ಕೆ ಏನು ಮಾಡುವುದು, ಅವರು ಮೊಟ್ಟೆಯನ್ನೂ ತಿನ್ನುವುದಿಲ್ಲ.

ವ್ಯಾಂಗರಟ್ಟವಾಸಿ

ಒಳ್ಳೇ ಯೋಜನೆ. ಹೆಲ್ಮೆಟ್ ವಿಷಯದಲ್ಲಿ ಚರ್ಚೆಯೇ ಇಲ್ಲ. ವಿಕ್ಟೋರಿಯಾದಲ್ಲಿ 1990ರಿಂದ ಕಡ್ಡಾಯ, ಇಂಥ ಕಾನೂನು ಮಾಡಿದವರಲ್ಲಿ ಇವರೇ ಮೊದಲಿಗರು. ದಂಡ ಬೀಳುತ್ತದೆ ಅಂತ ಹೇಳಿ, ಮೇಷ್ಟ್ರು ಒಪ್ಪುತ್ತಾರೆ. ಬ್ಯಾಟರಿ ಸೈಕಲ್ ಖಂಡಿತ ತೆಗೆದುಕೊಳ್ಳಿ, ಆದರೆ ಅದು ಭಾರ ಜಾಸ್ತಿ. ಬೀಚ್‌ವರ್ತ್ ಇಳಿಯುವ ಮೊದಲು ಊರೊಳಗೇ ಬ್ರೇಕ್ ಹಿಡಿಯುವುದು ಸ್ವಲ್ಪ ಅಭ್ಯಾಸ ಮಾಡಿಸಿ. ಆ ಇಳಿಜಾರಲ್ಲಿ ವೇಗ ಗೊತ್ತಾಗದಂತೆ ಏರುತ್ತದೆ.

ಬುತ್ತಿ ಕಟ್ಟಿಕೊಂಡು ಹೋಗಿ. ಚಪಾತಿ, ಚಟ್ನಿಪುಡಿ, ಹಣ್ಣು ಸಾಕು. ಬೇಕರಿಯಲ್ಲಿ ತರಕಾರಿ ಪೈ ಸಿಗುತ್ತದೆ, ಆದರೆ ಹಿಟ್ಟಿನ ಮೇಲೆ ಮೊಟ್ಟೆ ಸವರಿರುತ್ತಾರೆ, ಕೇಳಿ ತೆಗೆದುಕೊಳ್ಳಿ. ಒಬ್ಬೊಬ್ಬರಿಗೆ ಎರಡೆರಡು ಬಾಟಲಿ ನೀರು. ರಜೆ ದಿನಗಳಲ್ಲಿ ಬ್ರೈಟ್ ತುಂಬಿ ತುಳುಕುತ್ತದೆ, ರೂಮು ಈಗಲೇ ಹಿಡಿಯಿರಿ. ರೈಲಲ್ಲಿ ಬರುವುದಾದರೆ ಮೆಲ್ಬರ್ನ್‌ನ ಸದರ್ನ್ ಕ್ರಾಸ್ ನಿಲ್ದಾಣದಿಂದ ವ್ಯಾಂಗರಟ್ಟಕ್ಕೆ ಆಲ್ಬರಿ ರೈಲು ಇದೆ. ಸೈಕಲ್ ಇಡಲು ಜಾಗ ಕಡಿಮೆ, ಮೊದಲೇ ವಿಚಾರಿಸಿ. ಬೇಸಿಗೆಯಲ್ಲಿ ಬರುವವರು ಬೆಂಕಿಯ ಎಚ್ಚರಿಕೆಗೆ ವಿಕ್‌ಎಮರ್ಜೆನ್ಸಿ ಆ್ಯಪ್ ನೋಡಿಕೊಂಡೇ ಹೊರಡಿ.

ಕೊನೆಗೆ ಪಂಕ್ಚರ್ ಬಗ್ಗೆ. ವ್ಯಾಂಗರಟ್ಟ ಕಡೆಯ ಒಣ ಬಯಲಲ್ಲಿ ದಾರಿಯ ಅಂಚಿಗೆ ಹರಡಿಕೊಂಡು ಹಳದಿ ಹೂವಿನ ಒಂದು ಗಿಡ ಬೆಳೆಯುತ್ತದೆ. ಇಲ್ಲಿಯವರು ಕ್ಯಾಲ್‌ಟ್ರಾಪ್ ಅನ್ನುತ್ತಾರೆ. ಅದು ನಮ್ಮ ನೆಗ್ಗಿಲು ಮುಳ್ಳೇ, ಅದೇ ಗಿಡ. ಟೈರಿಗೆ ಹೊಕ್ಕರೆ ಬಿಡುವುದಿಲ್ಲ. ಮಧ್ಯಾಹ್ನ ಊಟಕ್ಕೆ ಸೈಕಲ್ ನಿಲ್ಲಿಸುವಾಗ ಹುಲ್ಲಿಗೆ ಉರುಳಿಸಬೇಡಿ, ಡಾಂಬರಿನ ಮೇಲೇ ನಿಲ್ಲಿಸಿ. ಒಂದು ಟ್ಯೂಬ್, ಪಂಪ್, ಪ್ಯಾಚ್ ಜೊತೆಗಿರಲಿ. ಎವರ್ಟನ್‌ವರೆಗೆ ಬಂದು ಸಿಕ್ಕಿಹಾಕಿಕೊಂಡರೆ ಇಲ್ಲೇ ಬರೆಯಿರಿ, ನನ್ನ ಮನೆ ಹತ್ತಿರ, ಗಾಡಿ ತರುತ್ತೇನೆ.